ಕ್ಲೈಮ್ಯಾಕ್ಸ್ ಅಕ್ಕ

"ಕೊಲೆ ಮಾಡಿದ್ದು ಆ ಡಾಕ್ಟರೇ," ಎಂದಳು ಅಕ್ಕ.

ಬಾಡಿಗೆಗೆ ಕೊಡಬೇಕಿದ್ದ ಸಿನಿಮಾ ಸಿಡಿ ಇನ್ನೂ ಅವಳ ಕೈಯಲ್ಲೇ ಇತ್ತು. ಕೌಂಟರಿನ ಈಚೆ ನಿಂತಿದ್ದ ಬ್ಯಾಂಕಿನ ಗುಮಾಸ್ತ ಚಾಚಿದ ಕೈಯನ್ನು ಹಿಂದಕ್ಕೆ ತೆಗೆದುಕೊಳ್ಳುವುದನ್ನೂ ಮರೆತ. ಪಕ್ಕದಲ್ಲಿದ್ದ ಅವನ ಹೆಂಡತಿ "ಅಯ್ಯೋ!" ಎಂದು ಕಿವಿ ಮುಚ್ಚಿಕೊಂಡಳು. ಮುಚ್ಚಿಕೊಂಡು ಏನು ಬಂತು, ಮಾತು ಆಗಲೇ ಒಳಗೆ ಹೋಗಿ ಕೂತಿತ್ತು.

"ಇದೇನ್ರೀ ಅಕ್ಕ, ನೋಡೋಕ್ ಮುಂಚೇನೇ ಹೇಳ್ಬಿಟ್ರಲ್ಲ!"

"ಮತ್ತೆ? 'ನಿಮ್ಮ ಸಿಡಿ ಅರ್ಧಕ್ಕೇ ನಿಂತ್ಬಿಡತ್ತೆ, ಫೋನಲ್ಲಾದ್ರೆ ಆರಾಮಾಗಿ ನೋಡ್ಬಹುದು' ಅಂತ ಈಗ ತಾನೇ ಅಂದ್ರಲ್ಲ. ಫೋನಲ್ಲೂ ಆ ಡಾಕ್ಟರೇ ಕೊಲೆ ಮಾಡೋದು. ಅಲ್ಲೇನು ನರ್ಸ್ ಬಂದು ಮಾಡಲ್ಲ."

ಗುಮಾಸ್ತ ಹೆಂಡತಿಯ ಮೊಣಕೈ ಹಿಡಿದು ಮೆಟ್ಟಿಲಿಳಿದ. ಇನ್ನು ಅವನು ಈ ಕಡೆ ತಲೆ ಹಾಕಿಯೂ ಮಲಗುವುದಿಲ್ಲ. ಅದು ಅಕ್ಕನಿಗೂ ಗೊತ್ತಿತ್ತು, ಗೊತ್ತಿದ್ದೇ ಅಂದಳು. ಮಾತು ಬಲ್ಲವನಿಗೆ ಜಗಳವಿಲ್ಲ ಅನ್ನುತ್ತಾರೆ. ಅಕ್ಕನೂ ಮಾತು ಬಲ್ಲವಳೇ, ಆದರೆ ಜಗಳಕ್ಕೆ ಎಷ್ಟು ಬೇಕೋ ಅಷ್ಟನ್ನೇ ಆರಿಸಿ ಕಲಿತಿದ್ದಳು.

ಬೀದಿಯವರು ಅವಳಿಗೆ ಕ್ಲೈಮ್ಯಾಕ್ಸ್ ಅಕ್ಕ ಎಂದು ಹೆಸರಿಟ್ಟಿದ್ದರು. ಅಂಗಡಿ ಜೋರಾಗಿ ನಡೆಯುತ್ತಿದ್ದ ಕಾಲದಲ್ಲಿ ಬಾಡಿಗೆಗೆ ಒಯ್ದ ಸಿನಿಮಾವನ್ನು ತಡವಾಗಿ ತಂದವರಿಗೆ, ಸಿಡಿಯ ಮೇಲೆ ಗೀರು ಹಾಕಿಕೊಂಡು ಬಂದವರಿಗೆ ಅವಳು ದಂಡ ಹಾಕುತ್ತಿರಲಿಲ್ಲ. ಮುಂದಿನ ಸಲ ಅವರು ಯಾವ ಸಿನಿಮಾ ಒಯ್ಯುತ್ತಾರೋ ಅದರ ಕೊನೆ ಹೇಳಿಬಿಡುತ್ತಿದ್ದಳು. ದಂಡಕ್ಕೆ ಹೆದರದ ಜನ ಇದಕ್ಕೆ ಹೆದರುತ್ತಿದ್ದರು. "ಅಕ್ಕ ಬೇಡ, ಅಕ್ಕ ತಪ್ಪಾಯ್ತು" ಎಂದು ಕಿವಿಗೆ ಬೆರಳಿಟ್ಟುಕೊಂಡು ಬೀದಿಗೆ ಓಡುವ ಗಂಡಸರನ್ನು ಬಾಗಿಲವರೆಗೂ ಅಟ್ಟಿಸಿಕೊಂಡು ಬಂದು, "ತಾಯಿ ಸತ್ತಿಲ್ಲ ಕಣ್ರೀ, ಬದುಕಿದಾಳೆ!" ಎಂದು ಕೂಗುತ್ತಿದ್ದಳು. ಎದುರುಗಡೆ ಚಹಾ ಕುಡಿಯುತ್ತ ನಿಂತವರಿಗೆ ನಕ್ಕು ನಕ್ಕು ನೆತ್ತಿಗೆ ಹತ್ತುತ್ತಿತ್ತು. ಬೈಸಿಕೊಳ್ಳುವುದಕ್ಕೆಂದೇ ಬೇಕಂತ ತಡ ಮಾಡಿ ತರುವವರೂ ಇದ್ದರು.

ಈಗ ತಡ ಮಾಡುವವರೂ ಇಲ್ಲ, ಬೇಗ ತರುವವರೂ ಇಲ್ಲ. ಆ ಬೀದಿಯಲ್ಲಿದ್ದ ಇನ್ನೆರಡು ಸಿಡಿ ಅಂಗಡಿಗಳಲ್ಲಿ ಒಂದು ಕನ್ನಡಕದ ಅಂಗಡಿಯಾಯಿತು. ಮೂಲೆಯದರಲ್ಲಿ ಹಲ್ಲಿನ ಡಾಕ್ಟರು ಬಂದು ಕೂತರು. ಅಕ್ಕನ ಅಂಗಡಿಯ ಗಾಜಿಗೆ ಅಂಟಿಸಿದ್ದ ಪೋಸ್ಟರುಗಳ ಕೆಂಪೆಲ್ಲ ಬಿಸಿಲಿಗೆ ಹಾರಿಹೋಗಿ, ನಾಯಕ ನಾಯಕಿಯರೆಲ್ಲ ನೀಲಿಗಟ್ಟಿ, ಕೆರೆಯಿಂದ ಆಗ ತಾನೇ ಎಳೆದು ಹಾಕಿದವರ ಹಾಗೆ ಕಾಣುತ್ತಿದ್ದರು. ನಗುವವರಿಲ್ಲದೆ ಅಕ್ಕನ ತಮಾಷೆ ಹುಳಿಯಾಯಿತು. ಮೊದಲು ತಪ್ಪು ಮಾಡಿದವರಿಗೆ ಮಾತ್ರ ಹೇಳುತ್ತಿದ್ದ ಕೊನೆಯನ್ನು ಈಗ ಬಂದವರಿಗೆಲ್ಲ ಹೇಳತೊಡಗಿದ್ದಳು. ಬರುವ ನಾಲ್ಕು ಜನವನ್ನೂ ಓಡಿಸುವ ಈ ಬುದ್ಧಿ ಯಾಕೆ ಎಂದು ಕೇಳಿದವರಿಗೂ ಒಂದು ಸಿನಿಮಾದ ಕೊನೆ ಹೇಳಿ ಕಳಿಸುತ್ತಿದ್ದಳು. ಹೊಟ್ಟೆ ಉರಿಯುತ್ತಿರುವಾಗ ಬುದ್ಧಿಯ ಮಾತು ಯಾರಿಗೆ ಬೇಕು!

ಅಂಗಡಿಯಿಂದ ಅವಳಿಗೆ ಏನು ಬರುತ್ತಿತ್ತು ಅನ್ನುವುದು ದೊಡ್ಡ ವಿಷಯವಲ್ಲ. ಬೆಳಿಗ್ಗೆ ಎದ್ದು ಹೋಗಲು ಒಂದು ಜಾಗವಿತ್ತು, ಅದು ದೊಡ್ಡದು. ಮದುವೆ ಆಗಲಿಲ್ಲ, ಯಾಕೆ ಆಗಲಿಲ್ಲ ಎಂದು ಕೇಳುವವರೂ ಕೇಳಿ ಕೇಳಿ ಸುಸ್ತಾಗಿ ಬಿಟ್ಟಿದ್ದರು. ಅಣ್ಣ ಶುರು ಮಾಡಿ, ಬೇಸರ ಬಂದು ಟೈರಿನ ವ್ಯಾಪಾರಕ್ಕೆ ಹೋದಾಗ ಈ ಅಂಗಡಿ ಅವಳ ಪಾಲಿಗೆ ಉಳಿಯಿತು. ಅಣ್ಣನ ಮನೆಯಲ್ಲಿ ಅವಳದು ಎಂದು ಹೇಳಿಕೊಳ್ಳಲು ನಡುಮನೆಯ ಮೂಲೆಯ ಮಂಚವೊಂದಿತ್ತು, ಹಗಲು ಹೊತ್ತು ಅದರ ಮೇಲೂ ಒಗೆದ ಬಟ್ಟೆಗಳ ರಾಶಿ. ಅಂಗಡಿಯಲ್ಲಿ ಮಾತ್ರ ಅವಳು ಕೂತರೆ ಏಳು ಅನ್ನುವವರಿರಲಿಲ್ಲ. ಆ ಕುರ್ಚಿಯಲ್ಲಿ ಕೂತು ಅವಳು ಲೋಕವನ್ನೆಲ್ಲ ಬೈಯುತ್ತಿದ್ದಳು, ಲೋಕ "ಅಕ್ಕ, ಅಕ್ಕ" ಅನ್ನುತ್ತಿತ್ತು.

ಅತ್ತಿಗೆ ಮಾತ್ರ ಕಾಯುತ್ತಿದ್ದಳು. "ಮುಚ್ಚೋದಾದ್ರೆ ಬೇಗ ಮುಚ್ಚಿ ಬಾರೇ," ಅನ್ನುತ್ತಿದ್ದಳು ತರಕಾರಿ ಹೆಚ್ಚುತ್ತ. "ನನ್ನ ಮಂಡಿನೋವು ನೋಡಿದೀಯಲ್ಲ. ಕೆಲಸದವಳಿಗೆ ಸುಮ್ನೆ ಯಾಕೆ ಕೊಡ್ಬೇಕು, ಮನೇಲಿ ನೀನೇ ಇರೋವಾಗ."

ಅಕ್ಕ ಹೆದರುತ್ತಿದ್ದ ಕ್ಲೈಮ್ಯಾಕ್ಸ್ ಇದೊಂದೇ.

ಇಷ್ಟಾದರೂ ಅಂಗಡಿ ತೆರೆದಿತ್ತೆಂದರೆ ಅದಕ್ಕೆ ಮಹಡಿಯ ಮೇಲಿದ್ದ ಟೈಮ್‌ಕೀಪರು ಕಾರಣ. ಬಸ್‌ಸ್ಟ್ಯಾಂಡಿನಲ್ಲಿ ಯಾವ ಬಸ್ಸು ಎಷ್ಟು ತಡ ಎಂದು ಬರೆದುಕೊಳ್ಳುವುದರಲ್ಲೇ ಆಯುಷ್ಯ ಕಳೆದು ನಿವೃತ್ತರಾದವರು. ಕೆಳಗೆ ಅಂಗಡಿ, ಮೇಲೆ ಮನೆ ಇದ್ದ ಆ ಕಟ್ಟಡ ಅವರದು. ಹೆಂಡತಿ ತೀರಿಕೊಂಡ ಮೇಲೆ ದಿನಕ್ಕೊಂದು ಸಿನಿಮಾ ನೋಡದಿದ್ದರೆ ಅವರಿಗೆ ಅನ್ನ ಇಳಿಯುತ್ತಿರಲಿಲ್ಲ. ಒಳ್ಳೆಯದು ಕೆಟ್ಟದ್ದು ಎಂದಿಲ್ಲ, ಯಾವುದು ಕೊಟ್ಟರೂ ಕೊನೆಯ ಅಕ್ಷರ ಮೇಲೆ ಹೋಗುವವರೆಗೂ ಕೂತು ನೋಡುವ ಆಸಾಮಿ. ಬೆಳಿಗ್ಗೆ ಮೆಟ್ಟಿಲ ತಲೆಯಲ್ಲಿ ನಿಂತು, "ಆ ತಂಗಿ ಪಾತ್ರ ಸಾಯ್ಬಾರ್ದಿತ್ತು ಕಣಮ್ಮ, ಅನ್ಯಾಯ ಮಾಡ್ದ ಡೈರೆಕ್ಟರು!" ಎಂದು ಕೆಳಕ್ಕೆ ಕೂಗುತ್ತಿದ್ದರು. ಅಕ್ಕ ಯಾವತ್ತೂ ಕೊನೆ ಹೇಳದೆ ಉಳಿಸಿದ್ದು ಇವರೊಬ್ಬರಿಗೇ. ಅಂಗಡಿ ಬಿಡಿಸಿ ಒಳ್ಳೆ ಬಾಡಿಗೆಗೆ ಕೊಡೋಣ ಎಂದು ಮಗ ಹಟ ಹಿಡಿದಾಗಲೆಲ್ಲ ಟೈಮ್‌ಕೀಪರು ಒಂದೇ ಮಾತು ಹೇಳಿದ್ದರು: "ನಾನಿರೋವರ್ಗೂ ಆ ಅಂಗಡಿ ಅವಳದು."

ಅಕ್ಕ ಈ ಮಾತನ್ನು ಬೀದಿಯವರಿಗೆಲ್ಲ ಹೇಳಿಕೊಂಡು ಮೆರೆದಿದ್ದಳು.

ಹೊಟ್ಟೆನೋವು ಎಂದು ಆಸ್ಪತ್ರೆಗೆ ಹೋದ ಟೈಮ್‌ಕೀಪರು ಅರ್ಧ ಆಳಾಗಿ ಮನೆಗೆ ಬಂದರು. ಮಗ ಅವರನ್ನು ಎತ್ತಿಕೊಂಡೇ ಮೆಟ್ಟಿಲು ಹತ್ತಿದ. ಸಾಯಂಕಾಲ ಕೆಳಗಿಳಿದು ಬಂದು, ಹಿಂದೆ ಮುಂದೆ ನೋಡಿ, ಕೌಂಟರಿಗೆ ಬಾಗಿ ಪಿಸುಗುಟ್ಟಿದ.

"ಅಕ್ಕ, ಅಪ್ಪಂಗೆ ಹೊಟ್ಟೇಲಿ ಹುಣ್ಣು ಅಂತ ಹೇಳಿದೀವಿ. ಹುಣ್ಣಲ್ಲ. ಎಲ್ಲಾ ಕಡೆ ಹರಡ್ಬಿಟ್ಟಿದೆ, ಏನೂ ಮಾಡೋಕಾಗಲ್ಲ ಅಂದ್ರು ಡಾಕ್ಟರು. ಮನೇಲೇ ಇಟ್ಕೊಂಡು ನೋಡ್ಕೊಳ್ಳಿ, ಇನ್ನು ಸ್ವಲ್ಪ ದಿನ ಅಷ್ಟೇ ಅಂತ." ಅವನು ಮೆಟ್ಟಿಲ ಕಡೆ ಕಣ್ಣು ಹಾಯಿಸಿ ದನಿ ಇನ್ನಷ್ಟು ತಗ್ಗಿಸಿದ. "ಅವ್ರಿಗೆ ಗೊತ್ತಾದ್ರೆ ಅವತ್ತೇ ಪ್ರಾಣ ಬಿಡ್ತಾರೆ. ನೀವು ದಿನಾ ಸಿನಿಮಾ ತಂದ್ಕೊಡಿ, ಮಾಮೂಲಿನಂಗಿರಿ. ನಿಮ್ ಬಾಯಿ ಮೇಲೆ ಸ್ವಲ್ಪ ನಿಗಾ ಇರ್ಲಿ, ದಮ್ಮಯ್ಯ."

"ಆಯ್ತಪ್ಪ. ನಾನೇನು ಅಷ್ಟು ಕಟುಕಳಾ?"

ಮಗ ಕಣ್ಣೊರೆಸಿಕೊಂಡು ಹೊರಟವನು ಬಾಗಿಲಲ್ಲಿ ತಿರುಗಿ ನಿಂತ. "ಅಂಗಡಿ ವಿಷಯ... ಈಗಲ್ಲ, ಆಮೇಲೆ ಮಾತಾಡೋಣ. ಒಬ್ರು ಮೊಬೈಲ್ ಅಂಗಡಿಯವರು ಕೇಳ್ತಿದಾರೆ."

ಅಕ್ಕ ಕೈಯಲ್ಲಿದ್ದ ಬಟ್ಟೆಯಿಂದ ಒರೆಸಿದ ಸಿಡಿಯನ್ನೇ ಮತ್ತೆ ಮತ್ತೆ ಒರೆಸುತ್ತ ಕೂತಳು. 'ನಾನಿರೋವರ್ಗೂ' ಅನ್ನುವ ಟೈಮ್‌ಕೀಪರ ಮಾತು ಅವತ್ತಿನವರೆಗೆ ಅವಳ ಕಿವಿಗೆ ಕೋಟೆಯ ಬಾಗಿಲಿನ ಹಾಗೆ ಕೇಳುತ್ತಿತ್ತು. ಈಗ ನೋಡಿದರೆ ಆ ಬಾಗಿಲಿಗೆ ಗೆದ್ದಲು ಹತ್ತಿತ್ತು.

ಮರುದಿನ ಸಿನಿಮಾ ಕೊಡುವ ನೆಪದಲ್ಲಿ ಮಹಡಿ ಹತ್ತಿ, ಟೈಮ್‌ಕೀಪರ ಮಂಚದ ಹತ್ತಿರವೇ ಸ್ಟೂಲು ಎಳೆದುಕೊಂಡು ಕೂತು ಮಾತು ತೆಗೆದಳು. "ಸಾರ್, ಅಂಗಡಿದು ಬರೀ ಬಾಯ್ಮಾತಲ್ಲೇ ಇದೆಯಲ್ಲ. ನನ್ನ ಹೆಸರಿಗೆ ಒಂದು ಕಾಗದ ಅಂತ ಮಾಡ್ಕೊಟ್ಬಿಟ್ರೆ..."

ಟೈಮ್‌ಕೀಪರು ನಕ್ಕರು. ನಕ್ಕರೆ ನೋವಾಗುತ್ತಿತ್ತು, ಆದರೂ ನಕ್ಕರು. "ಯಾಕಮ್ಮ, ನಾನೇನು ಸಾಯ್ತಿದೀನಾ? ಈ ಹುಣ್ಣು ಒಂದು ವಾಸಿಯಾಗ್ಲಿ. ಎದ್ದು ಓಡಾಡೋ ಹಂಗಾದ್ರೆ ನಾನೇ ವಕೀಲರ ಹತ್ರ ಕರ್ಕೊಂಡ್ಹೋಗ್ತೀನಿ. ಖಂಡಿತ ಮಾಡ್ಸೋಣ, ಅವಸರ ಏನಿದೆ?"

ಅವಸರ ಏನಿದೆ! ಅಕ್ಕನಿಗೆ ನಾಲಿಗೆಯ ತುದಿಯವರೆಗೂ ಬಂದಿತ್ತು, ಕಚ್ಚಿ ಹಿಡಿದಳು. ದಿನವೂ ಕಚ್ಚಿ ಹಿಡಿದಳು. ದಿನವೂ ಅವರು ಮುಂದಿನ ತಿಂಗಳ ಮಾತಾಡಿದರು. ಹೊಸ ಹಲ್ಲಿನ ಸೆಟ್ ಕಟ್ಟಿಸಬೇಕು, ಟಿವಿಯನ್ನು ಆ ಗೋಡೆಗೆ ಹಾಕಿಸಬೇಕು, ಮಗನ ಜೊತೆ ಜಗಳವಾಡಿಯಾದರೂ ಅಂಗಡಿಗೆ ಬಣ್ಣ ಹೊಡೆಸಬೇಕು. ಮಾತಾಡುತ್ತ ಮಾತಾಡುತ್ತ ಕೆನ್ನೆ ಇನ್ನಷ್ಟು ಒಳಕ್ಕೆ ಹೋಯಿತು. ಸಿನಿಮಾ ಇಂಟರ್‌ವಲ್ ದಾಟುವ ಮೊದಲೇ ನಿದ್ದೆ ಬರತೊಡಗಿತು. ಅಕ್ಕ ಆ ಕೆನ್ನೆಯ ಗುಣಿಯನ್ನೇ ನೋಡುತ್ತ, ಇದು ಇನ್ನೆಷ್ಟು ದಿನ ತಡೆದೀತು ಎಂದು ಅಳೆಯುತ್ತಿದ್ದಳು.

ಒಂದು ಮಧ್ಯಾಹ್ನ ಟೈಮ್‌ಕೀಪರ ಸೊಸೆ ಕೆಲಸಕ್ಕೆ ಹೋಗಿದ್ದಳು. ಮಗ, "ಅಕ್ಕ, ಒಂದ್ ಗಳಿಗೆ ಕೂತಿರ್ತೀರಾ, ಔಷಧಿ ತಂದ್ಬಿಡ್ತೀನಿ" ಎಂದು ಹೊರಗೆ ಹೋದ. ಕೋಣೆಯಲ್ಲಿ ಡೆಟಾಲಿನ ವಾಸನೆ, ಅದರ ಕೆಳಗೆ ಇನ್ನೊಂದು ವಾಸನೆ. ಟಿವಿಯಲ್ಲಿ ಅಣ್ಣತಮ್ಮಂದಿರ ಜಗಳದ ಸಿನಿಮಾ ಓಡುತ್ತಿತ್ತು.

"ನನ್ನ ಮಗನ್ನ ನೋಡಿದ್ಯಾ," ಎಂದರು ಟೈಮ್‌ಕೀಪರು, ಮಲಗಿದ್ದಲ್ಲಿಂದಲೇ. "ಹಾಲು ಕುಡಿ ಅಪ್ಪ, ಹಣ್ಣು ತಿನ್ನು ಅಪ್ಪ ಅಂತ ಬೆಣ್ಣೆ ಹಚ್ತಾನೆ. ಎಲ್ಲಾ ಆ ಅಂಗಡಿಗೆ. ನಾನು ಇನ್ನೂ ಹತ್ತು ವರ್ಷ ಇರ್ತೀನಿ ಅಂತ ಅವನಿಗೆ ಹೊಟ್ಟೆನೋವು. ಇರ್ಲಿ, ಕೊಡಲ್ಲ. ನಿಂದೇ ಅದು."

"ಹಾಗಾದ್ರೆ ಇವತ್ತೇ ವಕೀಲರನ್ನ ಇಲ್ಲಿಗೇ ಕರೆಸ್ಲಾ ಸಾರ್?"

"ಎಲಾ ಇವಳಾ! ಎದ್ಮೇಲೆ ಅಂದ್ನಲ್ಲ."

"ನೀವು ಏಳಲ್ಲ ಸಾರ್."

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಅಕ್ಕ, ನೀರಿಗಿಳಿದ ಮೇಲೆ ಚಳಿಯೇನು ಎಂದು, ಪೂರ್ತಿ ಹೇಳಿದಳು. ಹುಣ್ಣಲ್ಲ ಅದು, ಕ್ಯಾನ್ಸರ್ರು. ಎಲ್ಲಾ ಕಡೆ ಹರಡಿದೆ. ಡಾಕ್ಟರು ಕೈಬಿಟ್ಟೇ ಮನೆಗೆ ಕಳಿಸಿದ್ದು. ನಿಮ್ಮನ್ನ ಬಿಟ್ಟು ಎಲ್ಲರಿಗೂ ಗೊತ್ತು. ಹೇಳುವಾಗ ಒಳಗೊಳಗೇ, ಮನುಷ್ಯನಿಗೆ ತನ್ನ ಸಾವಿನ ವಿಷಯ ತಿಳಿದಿರಬೇಕಾದದ್ದು ನ್ಯಾಯ, ಮೋಸ ಮಾಡುತ್ತಿರುವವರು ಮನೆಯವರು, ನಾನಲ್ಲ ಎಂದು ಸಮಾಧಾನ ಹೇಳಿಕೊಂಡಳು. ಸುಳ್ಳು. ನ್ಯಾಯವೂ ಇಲ್ಲ, ಅದರಪ್ಪನೂ ಇಲ್ಲ. ಅವಳ ಕಣ್ಣೆದುರಿಗಿದ್ದದ್ದು ಅತ್ತಿಗೆಯ ಅಡುಗೆಮನೆ.

ಟಿವಿಯಲ್ಲಿ ಯಾರೋ ಯಾರಿಗೋ ಹೊಡೆಯುತ್ತಿದ್ದರು.

"ಅದನ್ನ ಆರ್ಸು," ಎಂದರು ಟೈಮ್‌ಕೀಪರು.

ಆರಿಸಿದಳು.

"ಎಷ್ಟು ದಿನವಂತೆ?"

"ಸ್ವಲ್ಪ ದಿನ ಅಂದ. ನಂಗೆ ಅಷ್ಟೇ ಗೊತ್ತು ಸಾರ್."

ಬಸ್ಸು ತಡವಾದರೆ ಡ್ರೈವರುಗಳನ್ನು ನಡುಗಿಸುತ್ತಿದ್ದ ಮನುಷ್ಯ ಬಾಯಿ ತೆರೆದು ಮಗುವಿನ ಹಾಗೆ ಅತ್ತರು. ಅಳುವುದಕ್ಕೂ ತ್ರಾಣವಿಲ್ಲದೆ ಗಂಟಲಲ್ಲಿ ಬರೀ ಗಾಳಿ ಆಡಿತು. ಅಕ್ಕನಿಗೂ ಅಳು ಬಂತು. ನಿಜವಾಗಿಯೇ ಬಂತು, ಅದರಲ್ಲಿ ನಾಟಕವಿರಲಿಲ್ಲ. ಅವಳಿಗೆ ಈ ಲೋಕದಲ್ಲಿ ಇಷ್ಟವಾದ ಮನುಷ್ಯ ಎಂದಿದ್ದರೆ ಇವರೇ. ಸೆರಗಿನಿಂದ ಕಣ್ಣೊರೆಸಿಕೊಂಡು, "ಅದಕ್ಕೇ ಸಾರ್ ಹೇಳಿದ್ದು," ಎಂದಳು, "ಆ ಕಾಗದ ಒಂದು..."

ಅವರು ಅವಳ ಕಡೆ ತಿರುಗಿದರು. ಹೊದಿಕೆಯ ಕೆಳಗೆ ಕಾಲು ಅಲುಗಾಡಿತು.

"ಅಮ್ಮ, ಆ ಬಾಟ್ಲಿ ಕೊಡು. ತಡೆಯೋಕಾಗ್ತಿಲ್ಲ."

ಮಂಚದ ಕೆಳಗೆ ಪ್ಲಾಸ್ಟಿಕ್ಕಿನ ಬಾಟಲಿಯಿತ್ತು. ಅಕ್ಕ ಅದನ್ನು ಎರಡು ಬೆರಳಲ್ಲಿ ಎತ್ತಿ ಚಾಚಿದಳು. ಬಾಟಲಿ ಅವರ ಹಿಡಿತ ತಪ್ಪಿ ಹಾಸಿಗೆಯ ಮೇಲೆ ಉರುಳಿತು.

"ಸ್ವಲ್ಪ ಹಿಡ್ಕೊಳಮ್ಮ. ನನ್ನ ಕೈಲಾಗಲ್ಲ."

ಅಕ್ಕ ಸ್ಟೂಲಿನಿಂದ ಎದ್ದು ನಿಂತಿದ್ದಳು. ಯಾವಾಗ ಎದ್ದಳೋ ಅವಳಿಗೇ ತಿಳಿಯದು. ಅವಳ ಬೆನ್ನು ಅಲಮಾರಿಗೆ ತಾಗಿತ್ತು. "ಈಗ ಬಂದ್ಬಿಡ್ತಾನೆ ಸಾರ್ ಮಗ," ಎಂದಳು. "ಇಲ್ಲೇ ಹೋಗಿರೋದು. ಒಂದೇ ನಿಮಿಷ ತಡ್ಕೊಳಿ."

ತಡೆದುಕೊಳ್ಳಲು ಅವರಿಂದ ಆಗಲಿಲ್ಲ. ಹೊದಿಕೆಯ ಮೇಲೆ ಒದ್ದೆ ಹರಡುವುದನ್ನು ಇಬ್ಬರೂ ನೋಡಿದರು. ಅವಳು ನೆಲ ನೋಡಿದಳು. ಅವರು ಅವಳನ್ನೇ ನೋಡುತ್ತಿದ್ದರು, ಸಿನಿಮಾ ನೋಡುವಾಗಿನ ಹಾಗೆ, ಕಣ್ಣು ಮಿಟುಕಿಸದೆ. ಆ ಹೊತ್ತಿನಲ್ಲಿ ಟೈಮ್‌ಕೀಪರ ತಲೆಯಲ್ಲಿ ಏನು ಓಡಿತೋ, ಅಕ್ಕ ಆಮೇಲೆ ಎಷ್ಟೋ ಸಲ ಊಹಿಸಲು ನೋಡಿದ್ದಾಳೆ. ಊಹಿಸುವುದಕ್ಕೆ ಅದರಲ್ಲಿ ಅಂಥ ಕಷ್ಟದ್ದೇನೂ ಇರಲಿಲ್ಲ. ಹತ್ತು ವರ್ಷ ಬದುಕುವವನು ಮಗನನ್ನು ಎದುರು ಹಾಕಿಕೊಳ್ಳಬಹುದು. ಹತ್ತು ದಿನ ಬದುಕುವವನಿಗೆ ಆ ಧೈರ್ಯ ಎಲ್ಲಿಂದ ಬರಬೇಕು?

ಮಗ ಬಂದ. ಬಂದವನು ಔಷಧಿಯ ಚೀಲವನ್ನು ಕಿಟಕಿಯ ಮೇಲಿಟ್ಟು, ಹೊದಿಕೆ ನೋಡಿ ಅಂಗಿಯ ತೋಳು ಮಡಚಿದ. ಅಪ್ಪನನ್ನು ಒಂದು ಮಗ್ಗುಲಿಗೆ ಹೊರಳಿಸಿ, ಒದ್ದೆ ಬಟ್ಟೆ ಎಳೆದು, ಬಿಸಿನೀರಲ್ಲಿ ಅದ್ದಿದ ಟವೆಲಿನಿಂದ ಒರೆಸಿ, ಪೌಡರು ಹಾಕಿ, ಒಗೆದ ಪಂಚೆ ಸುತ್ತಿದ. ಅಕ್ಕ ಗೋಡೆಗೆ ಮುಖ ಮಾಡಿ ನಿಂತಿದ್ದಳು. ಹೊರಡಬೇಕೋ ಬೇಡವೋ ತಿಳಿಯಲಿಲ್ಲ.

ಟೈಮ್‌ಕೀಪರು ಮಗನ ಮಣಿಕಟ್ಟು ಹಿಡಿದುಕೊಂಡರು. "ನಂಗೆ ಎಲ್ಲಾ ಗೊತ್ತಾಗಿದೆ ಕಣಪ್ಪ."

ಮಗನ ಕೈ ನಿಂತಿತು. ಅವನು ಅಕ್ಕನ ಕಡೆ ತಿರುಗಿದ. "ಯಾರು ಹೇಳಿದ್ದು?"

ಅಕ್ಕ ಗೋಡೆಯಿಂದ ಮುಖ ತಿರುಗಿಸಲಿಲ್ಲ.

"ಯಾರೂ ಹೇಳ್ಲಿಲ್ಲ," ಎಂದರು ಟೈಮ್‌ಕೀಪರು. "ನನ್ನ ಮೈ ನನಗೆ ಗೊತ್ತಾಗಲ್ವೇನೋ? ಅವಳೇನು ಮಾಡ್ತಾಳೆ ಪಾಪ." ಸ್ವಲ್ಪ ಉಸಿರು ತೆಗೆದುಕೊಂಡು ಮಗನ ಕೈಯನ್ನು ಎದೆಗೆ ಒತ್ತಿಕೊಂಡರು. "ನನ್ನ ಆಸ್ಪತ್ರೆಗೆ ಮಾತ್ರ ಹಾಕ್ಬೇಡ. ಏನಾದ್ರೂ ಆಗ್ಲಿ, ಇಲ್ಲೇ ಇಟ್ಕೋ. ನಿಂಗೆ ಅಸಹ್ಯ ಆಗತ್ತೆ ಅಂತ ಗೊತ್ತು."

"ಏನಪ್ಪಾ ನೀನು! ಅಸಹ್ಯ ಏನು?"

"ಕೆಳಗಿನ ಅಂಗಡಿ ತಗೋ. ನೀನು ಯಾವಾಗಿಂದ ಕೇಳ್ತಿದ್ದೆ. ನಾನೇ ಮೊಂಡ, ಕೊಡ್ಲಿಲ್ಲ."

"ಅದೆಲ್ಲ ಈಗ್ಯಾಕಪ್ಪ?"

"ಈಗ್ಲೇ. ನಾನು ಇರುವಾಗ್ಲೇ ತಗೋ. ನಿನ್ನ ಮನಸ್ಸಲ್ಲಿ ಏನೂ ಉಳೀಬಾರ್ದು." ಅವರು ಅಕ್ಕನ ಕಡೆ ತಲೆ ಹೊರಳಿಸಿದರು. ದನಿಯಲ್ಲಿ ಕೋಪವಿರಲಿಲ್ಲ. ಕೋಪವಿದ್ದಿದ್ದರೆ ಅವಳು ಎದುರು ಮಾತಾಡಬಹುದಿತ್ತು. "ಖಾಲಿ ಮಾಡ್ಬಿಡಮ್ಮ. ಈ ವಾರದಲ್ಲೇ. ನನ್ನ ಮಾತು ಬೇಜಾರು ಮಾಡ್ಕೋಬೇಡ."

ಏನೆಂದು ಎದುರಾಡುವುದು? ಕೊಟ್ಟ ಮಾತೆಲ್ಲಿ ಎಂದು ಕೇಳಲು ಬಾಯಿ ತೆರೆದರೆ, ಅದೇ ಬಾಯಿ ಇವತ್ತು ಏನು ಮಾಡಿತು ಅನ್ನುವುದು ಹೊರಗೆ ಬರುತ್ತದೆ. ಮುದುಕ ಅವಳನ್ನು ಕಾಪಾಡಿದ ಹಾಗೆ ಕಾಪಾಡಿ, ಅದರಲ್ಲೇ ಬಾಯಿ ಹೊಲಿದುಬಿಟ್ಟಿದ್ದ. ಅಕ್ಕ "ಆಯ್ತು ಸಾರ್" ಎಂದಳು. ಮಗ ತಲೆ ತಗ್ಗಿಸಿ ಅಪ್ಪನ ಪಾದ ಒತ್ತುತ್ತಿದ್ದ. ಅವನ ಕಣ್ಣಿಂದ ನೀರು ಇಳಿಯುತ್ತಿತ್ತು. ಅದು ಅಂಗಡಿ ಸಿಕ್ಕಿದ ಸಂತೋಷದ್ದಲ್ಲ ಅನ್ನುವುದು ಅಕ್ಕನಿಗೂ ಕಂಡಿತು. ಅದೇ ಅವಳಿಗೆ ಹೆಚ್ಚು ಉರಿಯಿತು.

ಗುಜರಿಯವನು ತಳ್ಳುಗಾಡಿ ತಂದು ಬಾಗಿಲಲ್ಲಿ ನಿಲ್ಲಿಸಿದ. ಸಿಡಿಗಳನ್ನು ಎತ್ತಿ ಬೆಳಕಿಗೆ ಹಿಡಿದು ನೋಡಿ, "ಇದನ್ನ ಯಾರೂ ತಗೊಳಲ್ಲಮ್ಮ, ಕರಗಲ್ಲ ಇದು," ಎಂದ. "ಡಬ್ಬಿ ಬೇಕಾದ್ರೆ ತಗೋತೀನಿ. ಸಿಡಿ ಸುಮ್ನೆ ಕೊಟ್ರೆ ಹಾಕ್ಕೊಂಡ್ ಹೋಗ್ತೀನಿ. ಹಕ್ಕಿ ಓಡ್ಸೋಕೆ ಅಂತ ಬಾಲ್ಕನೀಲಿ ನೇತು ಹಾಕ್ತಾರೆ ಕೆಲವ್ರು."

"ಹಾಕ್ಕೊಂಡ್ ಹೋಗು."

ಅವನು ಡಬ್ಬಿಗಳನ್ನು ಪಟಪಟನೆ ಬಿಚ್ಚಿ ಸಿಡಿಗಳನ್ನು ಒಂದು ಚೀಲಕ್ಕೆ, ಡಬ್ಬಿಗಳನ್ನು ಇನ್ನೊಂದಕ್ಕೆ ಎಸೆಯತೊಡಗಿದ. ಅಷ್ಟೂ ಸಿನಿಮಾಗಳ ಕೊನೆ ಅವಳಿಗೆ ಬಾಯಿಪಾಠ. ಕೇಳುವವರು ಒಬ್ಬರೂ ಇರಲಿಲ್ಲ. ಎದುರಿನ ಚಹಾ ಅಂಗಡಿಯವನು ಈ ಕಡೆ ಒಮ್ಮೆ ನೋಡಿ, ಲೋಟ ತೊಳೆಯುವುದಕ್ಕೆ ಬಗ್ಗಿದ. ಮನೆಯಲ್ಲಿ ಅತ್ತಿಗೆ ಆ ಬೆಳಿಗ್ಗೆಯೇ ಕೆಲಸದವಳನ್ನು ಬಿಡಿಸಿ, "ಹೋಗ್ಲಿ ಬಿಡೇ, ಎಲ್ಲಾ ಒಳ್ಳೇದಕ್ಕೇ," ಎಂದು ಅಕ್ಕನ ತಟ್ಟೆಗೆ ತಾನೇ ಕೈಯಾರೆ ಬಡಿಸಿದ್ದಳು.

ಮೆಟ್ಟಿಲ ಮೇಲೆ ಹೆಜ್ಜೆ ಸಪ್ಪಳವಾಯಿತು. ಮಗ ಅರ್ಧಕ್ಕೆ ಇಳಿದು, ಕಂಬಿಯ ಮೇಲಿಂದ ಬಾಗಿ ನೋಡಿದ. ನಿದ್ದೆಗೆಟ್ಟ ಕಣ್ಣು, ಭುಜದ ಮೇಲೆ ಅಪ್ಪನ ಟವೆಲು.

"ಅಕ್ಕ, ಸ್ವಲ್ಪ ಸದ್ದು ಮಾಡ್ದಂಗೆ ಮಾಡಿ," ಎಂದ, ತುಂಬ ಮೆತ್ತಗೆ. "ರಾತ್ರಿಯೆಲ್ಲ ಒದ್ದಾಡಿ ಈಗ ತಾನೇ ನಿದ್ದೆ ಹೋಗಿದಾರೆ."

"ಆಯ್ತಪ್ಪ."

ಅವನು ಮೇಲೆ ಹೋದ. ಗುಜರಿಯವನು ಒಂದು ಹಿಡಿ ಸಿಡಿ ಎತ್ತಿ ಎಸೆಯಲು ಕೈ ಹಿಂದಕ್ಕೆ ತಂದ.

"ಏಯ್, ಮೆತ್ತಗೆ ಇಡು!" ಎಂದು ಅಕ್ಕ ಅವನ ಕೈ ಹಿಡಿದಳು. "ಮೇಲೆ ಮಲಗಿದಾರೆ."

ಆಮೇಲೆ ಅವಳೇ ನೆಲದ ಮೇಲೆ ಕೂತು ಒಂದೊಂದಾಗಿ ಇಡತೊಡಗಿದಳು, ಒಂದಕ್ಕೊಂದು ತಾಗದ ಹಾಗೆ. ಗುಜರಿಯವನು ಬೇಸತ್ತು ಬೀದಿಯ ಆಚೆ ಬೀಡಿ ಸೇದುತ್ತ ನಿಂತ. ಕಪಾಟು ಖಾಲಿಯಾದ ಮೇಲೆ ಇಬ್ಬರೂ ಸೇರಿ ಚೀಲಗಳನ್ನು ಎಳೆಯದೆ, ಮಗುವನ್ನು ಎತ್ತುವ ಹಾಗೆ ತಬ್ಬಿ ಎತ್ತಿ ಗಾಡಿಗೆ ಹಾಕಿದರು. ಗಾಡಿ ಹೋಯಿತು. ಅಕ್ಕ ಚಪ್ಪಲಿ ಬಿಟ್ಟು ಹೊರಗೆ ನಿಂತು, ಎರಡೂ ಕೈಯೆತ್ತಿ ಶಟರಿನ ಅಂಚು ಹಿಡಿದಳು. ತುಕ್ಕು ಹಿಡಿದ ಶಟರು, ಎಳೆದರೆ ಇಡೀ ಬೀದಿಗೆ ಕೇಳುವಂಥದ್ದು. ಒಂದು ಗೇಣು ಇಳಿಸಿ ನಿಂತಳು, ಕಿವಿಗೊಟ್ಟಳು, ಇನ್ನೊಂದು ಗೇಣು ಇಳಿಸಿದಳು. ಎದೆಯ ಮಟ್ಟಕ್ಕೆ ಬಂತು, ಸೊಂಟಕ್ಕೆ ಬಂತು. ಕೊನೆಗೆ ಫುಟ್‌ಪಾತಿನ ಮೇಲೆ ಮಂಡಿಯೂರಿ, ಕೆಳಗೆ ತನ್ನ ಬೆರಳುಗಳನ್ನೇ ಆನಿಸಿ, ಒಂದೊಂದೇ ಬೆರಳು ತೆಗೆಯುತ್ತ, ಅದನ್ನು ನೆಲಕ್ಕೆ ಮುಟ್ಟಿಸಿದಳು.